ಮಸಾಲೆ ಮಾತ್ರ ಕಟ್ಟಿಕೊಂಡು ಹೋದ ದಿನ

ಎಂಟನೇ ತರಗತಿಗೆ ಘರ್ಷಣೆಯ ಪಾಠ ಮಾಡುತ್ತಿದ್ದಾಗ ಮೊನ್ನೆ ನನ್ನ ಮಾತು ನಡುವೆ ನಿಂತುಬಿಟ್ಟಿತು. ಒದ್ದೆ ನೆಲದಲ್ಲಿ ಕಾಲು ಯಾಕೆ ಜಾರುತ್ತದೆ ಎಂದು ಒಬ್ಬಳು ಕೇಳಿದ್ದಳು. ಉತ್ತರ ಗೊತ್ತಿಲ್ಲದೆ ಅಲ್ಲ. ರಿಯಾದಿನ ಈ ಭಾರತೀಯ ಶಾಲೆಯಲ್ಲಿ ವರ್ಷವರ್ಷವೂ ಅದನ್ನೇ ಹೇಳುತ್ತ ಬಂದಿದ್ದೇನೆ. ಆದರೆ ಬಾಯಿ ತೆರೆದಾಗ ಕಣ್ಣೆದುರು ಬಂದದ್ದು ಕಪ್ಪು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಸಿರು ಪಾಚಿ, ಪಾಚಿಯ ಮೇಲೆ ನನ್ನ ತಂಗಿಯ ಬರಿಗಾಲು.

"ಬಿಡಬೇಡ!" ಎಂದು ಆ ದಿನ ಕೂಗಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ದಿನದ ಕತೆ ಹೇಳುವವರೆಲ್ಲ ಆ ಕೂಗನ್ನು ನನ್ನ ಗಂಡನ ಬಾಯಿಗೆ ಹಾಕಿದ್ದಾರೆ. ಇವರು ಅಲ್ಲವೆನ್ನಲಿಲ್ಲ. ನಾನೂ ತಿದ್ದಲಿಲ್ಲ. ಎರಡು ತಿಂಗಳು ಹಾಗೆಯೇ ಹೋಯಿತು. ಈ ಊರಿನಲ್ಲಿ ನನಗೆ ರಕ್ತಸಂಬಂಧ ಅಂತ ಇರುವವಳು ತಂಗಿಯೊಬ್ಬಳೇ. ಅವಳಿಗೆ ಹೇಳಿದರೆ ಅವಳು ನನ್ನನ್ನು ಮೊದಲಿನ ಹಾಗೆ ನೋಡುತ್ತಾಳೋ ಇಲ್ಲವೋ ಎಂಬ ಭಯ. ಹೇಳದೆ ನನಗೆ ನಿದ್ದೆಯಿರಲಿಲ್ಲ.

ಆ ಶುಕ್ರವಾರದ ತಿರುಗಾಟ ಅವಳಿಗಾಗಿಯೇ ಇತ್ತು. ಲ್ಯಾಬ್ ಟೆಕ್ನಿಷಿಯನ್ ಆಗಿ ಬಂದು ಮೂರು ತಿಂಗಳಾಗಿತ್ತು, ಅದೇ ವಾರ ಇಕಾಮಾ, ಇಲ್ಲಿ ವಾಸಿಸುವ ಪರವಾನಗಿ, ಕೈಗೆ ಬಂದಿತ್ತು. ಹಾಸ್ಟೆಲು, ಲ್ಯಾಬು, ವಾರಕ್ಕೊಮ್ಮೆ ನಮ್ಮ ಫ್ಲ್ಯಾಟು, ಇಷ್ಟೇ ಅವಳು ಕಂಡ ಸೌದಿ. ಇವರ ಗೆಳೆಯನೊಬ್ಬ ಅಲ್ ಖರ್ಜ್ ಕಡೆ ದನಗಳ ಮೇವು ಸಾಗಿಸುವ ಕಂಪನಿಯಲ್ಲಿ ಸೂಪರ್‌ವೈಸರ್. ಅವನಿಗೆ ವೀಸಾ ಕೊಟ್ಟ ಸೌದಿ ಮಾಲೀಕನ, ಅಂದರೆ ಕಫೀಲನ, ಖರ್ಜೂರದ ತೋಟದಲ್ಲಿ ನೀರಾವರಿಗೆಂದು ಮಾಡಿದ ಕೆರೆಯಿದೆ, ಅದರಲ್ಲಿ ತಿಲಾಪಿಯಾ ಸಾಕಿದ್ದಾರೆ. ಮೀನಿದ್ದ ನೀರು ಮರಗಳಿಗೆ ಒಳ್ಳೆಯ ಗೊಬ್ಬರವಂತೆ. ಗೆಳೆಯನೂ ಅವನ ಹೆಂಡತಿಯೂ ಮನೆಯಲ್ಲಿ ಬ್ಯಾರಿ ಮಾತಾಡುವವರು, ನಾವು ಕೊಂಕಣಿಯವರು. ಸೇರಿದರೆ ಕನ್ನಡ.

"ಮೀನು ತರ್ಬೇಡಿ ಅಕ್ಕ, ನಮ್ಗೆ ನಾಚಿಕೆ," ಎಂದು ಗೆಳೆಯ ಫೋನಿನಲ್ಲಿ ಹೇಳಿದ್ದ. "ಕೆರೆ ತುಂಬ ಉಂಟು. ನೀವು ಮಸಾಲೆ ಮಾತ್ರ ತನ್ನಿ."

ಮಾತು ಕೇಳಿ ನಾನೂ ಹುಮ್ಮಸ್ಸಿಗೆ ಬಿದ್ದೆ. ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಹುಣಸೆ, ಅರಸಿನ ಹಾಕಿ ಬೆಳಿಗ್ಗೆಯೇ ಮಸಾಲೆ ಕಡೆದು ಸ್ಟೀಲಿನ ಡಬ್ಬಿಗೆ ತುಂಬಿದೆ. ಅನ್ನ, ಈರುಳ್ಳಿ, ಲಿಂಬೆ, ಕಬ್ಬಿಣದ ಕಾವಲಿ. ಮೀನಿಲ್ಲ, ಕೋಳಿಯೂ ಇಲ್ಲ, ಒಂದು ಮೊಟ್ಟೆಯೂ ಇಲ್ಲ.

ಕಾರಿನಲ್ಲಿ ತಂಗಿ ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು. "ನೀರಲ್ಲಿರುವ ಮೀನಿಗೆ ಇಲ್ಲಿಂದ್ಲೇ ಮಸಾಲೆ. ಒಂದೂ ಸಿಗದಿದ್ರೆ ಅಕ್ಕ?"

"ಅನ್ನಕ್ಕೆ ಅದನ್ನೇ ಕಲಸಿ ತಿನ್ನು. ನಿನ್ನ ಬಾವ ಹೊಳೆಬದಿಯಲ್ಲಿ ಹುಟ್ಟಿದವರು. ಇವರ ಮುಖ ಕಂಡರೆ ಮೀನು ತಾನಾಗಿ ಬರ್ತದೆ."

"ಬಾವನ ಮುಖ ಕಂಡ್ರೆ ಇದ್ದ ಮೀನೂ ಓಡ್ತದೆ."

ಕನ್ನಡಿಯಲ್ಲಿ ಅವಳನ್ನು ನೋಡಿ ಇವರು ನಕ್ಕರು. "ಇವತ್ತು ಗಾಳದ ಕೋಲು ನಿನ್ನ ಕೈಯಲ್ಲೇ ಮಾರಾಯ್ತಿ. ನೋಡುವ ಯಾರ ಮುಖ ಕಂಡು ಓಡ್ತದೆ ಅಂತ."

ಕೆರೆ ಎಂದರೆ ನಮ್ಮ ಕಡೆಯವರು ಅಂದುಕೊಳ್ಳುವ ಹಾಗೆ ಇರಲಿಲ್ಲ. ಚೌಕಾಕಾರದ ದೊಡ್ಡ ಗುಂಡಿ, ನಾಲ್ಕೂ ಬದಿ ಒಳಗೆ ಇಳಿಜಾರು, ತಳದಿಂದ ಅಂಚಿನವರೆಗೆ ದಪ್ಪ ಕಪ್ಪು ಪ್ಲಾಸ್ಟಿಕ್ ಹಾಸು. ನೀರು ಅಂಚಿನಿಂದ ಒಂದಾಳು ಕೆಳಗಿತ್ತು. ಹಿಡಿಯಲು ಒಂದು ಬೇರಿಲ್ಲ, ಕಲ್ಲಿಲ್ಲ, ಕಾಲೂರಲು ಕೆಸರೂ ಇಲ್ಲ. ದೂರದ ಮೂಲೆಯಲ್ಲಿ ಮಾತ್ರ ಹಳೆಯ ಟಯರುಗಳನ್ನು ಹಗ್ಗದಲ್ಲಿ ಸಾಲಾಗಿ ಕಟ್ಟಿ ನೀರಿಗೆ ಇಳಿಬಿಟ್ಟಿದ್ದರು.

"ಅದೆಂತದು, ಟಯರ್ ಒಣಗ್ಲಿಕ್ಕೆ ಹಾಕಿದ್ದಾ?" ಎಂದು ಇವರು ಕೇಳಿದರು. ಎಲ್ಲರೂ ನಕ್ಕೆವು. ನಾನೂ ನಕ್ಕೆ. ಭೌತಶಾಸ್ತ್ರ ಓದಿದವಳು ನಾನು, ಆ ಇಳಿಜಾರನ್ನೂ ಆ ಪಾಚಿಯನ್ನೂ ಕಣ್ಣಾರೆ ಕಂಡಿದ್ದೆ. ನೀರೆಂದರೆ ನಮಗೆ ಗೊತ್ತು ಎಂಬ ಕರಾವಳಿಯವರ ಸೊಕ್ಕು ಓದಿಗಿಂತ ಮೇಲೆ ಕೂತಿತ್ತು.

ಗೆಳೆಯ, ತೋಟ ನೋಡಿಕೊಳ್ಳುವ ಬಂಗಾಳಿ ಮುದುಕನ ಜೊತೆ ಪಂಪ್‌ಮನೆಯ ಹಿಂದೆ ಇದ್ದಿಲು ಹೊತ್ತಿಸಲು ಹೋದ. ಅವನ ಹೆಂಡತಿ ಮತ್ತು ನಾನು ಅಂಚಿನಲ್ಲಿ ಚಾಪೆ ಹಾಸಿದೆವು. ಇವರು ಒಣಗಿದ ಹಾಳೆಯ ಮೇಲೆ ನಾಲ್ಕು ಹೆಜ್ಜೆ ಇಳಿದು ನಿಂತು ತಂಗಿಯನ್ನು ಕರೆದರು.

"ಶೂ ಬಿಚ್ಚಿ ಬಾ. ಬರಿಗಾಲಾದ್ರೆ ಹಿಡಿತ ಸಿಗ್ತದೆ. ಶೂ ಹಾಕಿ ಮೀನು ಹಿಡಿಯುವವರನ್ನು ನಾನು ನೋಡ್ಲಿಲ್ಲ."

ನಮ್ಮ ಕಡೆ ಪಾಚಿ ಹಿಡಿದ ಕಲ್ಲು ಮೆಟ್ಟಿಲಲ್ಲಿ ಎಲ್ಲರೂ ಮಾಡುವುದು ಅದನ್ನೇ, ಚಪ್ಪಲಿ ಕೈಯಲ್ಲಿ ಹಿಡಿದು ಬೆರಳೂರಿ ಇಳಿಯುವುದು. ಅವಳು ಶೂ ಬಿಚ್ಚಿ ಒಂದೊಂದರೊಳಗೆ ಒಂದೊಂದು ಸಾಕ್ಸ್ ತುರುಕಿ ನನ್ನ ಕೈಗೆ ಕೊಟ್ಟು ಇಳಿದಳು.

ಇವರು ಖುಬ್ಸ್ ರೊಟ್ಟಿಯನ್ನು ನೀರಿನಲ್ಲಿ ನಾದಿ ಉಂಡೆ ಮಾಡಿದ್ದರು. ಕಡಲೆಯಷ್ಟು ಚಿವುಟಿ ಗಾಳದ ಮೊನೆ ಮುಚ್ಚುವ ಹಾಗೆ ಹೇಗೆ ಒತ್ತಬೇಕೆಂದು ತೋರಿಸಿದರು. ಅವಳು ಒತ್ತಿದ್ದು ಎರಡು ಸಲ ಉದುರಿತು.

"ರಕ್ತ ತೆಗೆಯುವಾಗಲೂ ಹೀಗೇ ನಡುಗ್ತದಾ ಕೈ?"

"ರೋಗಿಗಳು ನಿಮ್ಮ ಹಾಗೆ ತಲೆ ತಿನ್ನುದಿಲ್ಲ ಬಾವ."

ಬೆಂಡು ನೀರಿನ ಮೇಲೆ ನಿಂತಿತು. ಅದು ನಡುಗಿದರೆ ಸುಮ್ಮನಿರಬೇಕು, ಮೀನು ರುಚಿ ನೋಡುತ್ತಿದೆ ಎಂದರ್ಥ. ಪೂರ್ತಿ ಮುಳುಗಿದ ಮೇಲೆ ಕೋಲನ್ನು ಮೆಲ್ಲಗೆ ಎತ್ತಬೇಕು. ಬೆಂಡು ನಡುಗಿದ ಕೂಡಲೇ ಅವಳು ಕೋಲನ್ನು ಆಕಾಶಕ್ಕೆಸೆದ ಹಾಗೆ ಎಳೆದಳು. ಗಾಳ ಹಾರಿ ಬಂದು ಇವರ ಟೋಪಿಗೆ ಸಿಕ್ಕಿತು.

"ಸಿಕ್ಕಿತು ಅಕ್ಕ, ದೊಡ್ಡದು! ಮಸಾಲೆ ತಾ!"

ನಾವು ಹೊಟ್ಟೆ ಹಿಡಿದು ನಕ್ಕೆವು. ಗಂಟೆ ಮೂರಾಗುತ್ತ ಬಂದಿತ್ತು, ಎಲ್ಲರಿಗೂ ಹಸಿವು. ಇದ್ದಿಲು ಕೆಂಪಾಗಿದೆ ಎಂದು ಪಂಪ್‌ಮನೆಯ ಹಿಂದಿನಿಂದ ಗೆಳೆಯ ಕೂಗಿದ. ಡಬ್ಬಿ ನನ್ನ ಮಡಿಲಲ್ಲಿತ್ತು. ಇವರು ಇನ್ನಷ್ಟು ರೊಟ್ಟಿ ತರಲು ಮೇಲೆ ಬಂದರು. ಬೆಂಡು ಆಗ ಮುಳುಗಿತು.

ಇಲ್ಲಿಂದ ಮುಂದಿನದು ನನಗೆ ದಿನಕ್ಕೆ ಹತ್ತು ಸಲ ಕಣ್ಣೆದುರು ಬರುತ್ತದೆ. ಪಾತ್ರೆ ತೊಳೆಯುವಾಗ, ಶಾಲೆಯ ಬಸ್ಸಿನಲ್ಲಿ, ಯಾರೋ ಸೋಪು ಜಾರಿಸಿದಾಗ. ಅವಳು ಈ ಸಲ ಸರಿಯಾಗಿ ಎತ್ತಿದಳು. ಕೋಲು ಬಾಗಿತು. ಅವಳು ತಿರುಗಿ ನನ್ನನ್ನು ನೋಡಿದಳು, ಏನು ಮಾಡಲಿ ಎಂಬ ಮುಖ. ನಾನು ಡಬ್ಬಿ ಹಿಡಿದೇ ಎದ್ದು ನಿಂತು, "ಬಿಡಬೇಡ! ಬಿಡಬೇಡ!" ಎಂದೆ. ಅವಳು ಕೋಲನ್ನು ಎದೆಗೊತ್ತಿ ಒಂದು ಹೆಜ್ಜೆ ಕೆಳಗಿಟ್ಟಳು. ಹಾಳೆ ಒಣಗಿದ್ದುದು ಅಲ್ಲಿಯವರೆಗೆ ಮಾತ್ರ.

ಅವಳು ಕೂಗಲೇ ಇಲ್ಲ. ಕುಳಿತ ಭಂಗಿಯಲ್ಲಿ ಜಾರಿ ನೀರಿನೊಳಗೆ ಹೋದಳು.

ನಾವಿಬ್ಬರೂ ಗುಡ್ಡದ ಮೇಲಿನ ಮನೆಯಲ್ಲಿ ಬೆಳೆದವರು, ಈಜು ಬರುವುದಿಲ್ಲ. ಇವರು ಬಟ್ಟೆಯಲ್ಲೇ ಹಾರಿ ಅವಳನ್ನು ಹಿಡಿದು ಮೇಲೆತ್ತಿದರು. ಇನ್ನೇನು, ದಡ ಕೈಯಳತೆಯಲ್ಲಿದೆ ಎಂದುಕೊಂಡೆ. ಇವರು ಅಂಗೈ ಊರಿದರು, ಅಂಗೈ ಜಾರಿತು. ಮೊಣಕಾಲೂರಿದರು, ಇಬ್ಬರೂ ನೀರಿಗೆ ವಾಪಸಾದರು. ಮತ್ತೆ. ಮತ್ತೆ. ಹೊಳೆಯಲ್ಲಿ ಬೆಳೆದ ಮನುಷ್ಯನ ಮುಖದಲ್ಲಿ ಏನಾಗುತ್ತಿದೆ ಎಂದೇ ತಿಳಿಯದ ಭಾವ ಕಂಡೆ. ದಡ ಸಿಕ್ಕಿಯೂ ಹತ್ತಲಾಗದ ನೀರನ್ನು ಇವರು ಅಲ್ಲಿಯವರೆಗೆ ಕಂಡಿರಲಿಲ್ಲ.

ಗೆಳೆಯನ ಹೆಂಡತಿ ಮತ್ತು ನಾನು ಚಾಪೆಯ ಮೇಲೆ ಕಳಚಿಟ್ಟಿದ್ದ ಅಬಾಯಾ ನಿಲುವಂಗಿಗಳನ್ನು ಗಂಟು ಹಾಕಿ ಎಸೆದೆವು. ಇವರು ಹಿಡಿದೆಳೆದ ಕೂಡಲೇ ಆ ನುಣುಪು ಬಟ್ಟೆಯ ಗಂಟು ಬಿಚ್ಚಿಕೊಂಡಿತು. ನಾನು ಕೆಳಗಿಳಿಯಲು ಹೊರಟೆ. ಗೆಳೆಯನ ಹೆಂಡತಿ ನನ್ನ ಸೊಂಟ ತಬ್ಬಿ ಹಿಂದಕ್ಕೆ ಬೀಳಿಸಿದಳು.

ಅಷ್ಟರಲ್ಲಿ ಗೆಳೆಯನೂ ಮುದುಕನೂ ಓಡಿ ಬಂದರು. ಗೆಳೆಯ ಕಾರಿನಲ್ಲಿ ಹಗ್ಗ ಹುಡುಕಲು ಹೋದ. ಮುದುಕ ನಮ್ಮ ಕಡೆ ಬರದೆ ದೂರದ ಮೂಲೆಯತ್ತ ಓಡಿದ. ಇವನೆಲ್ಲಿಗೆ ಓಡುತ್ತಾನೆ ಎಂದು ನನಗೆ ಕೆಟ್ಟ ಸಿಟ್ಟು ಬಂತು.

"ಉಧರ್ ನಹೀಂ! ಟಾಯರ್! ಟಾಯರ್ ಕೇ ಪಾಸ್ ಆವೋ!" ಎಂದು ಮುದುಕ ಅಲ್ಲಿಂದ ಹಿಂದಿಯಲ್ಲಿ ಕೂಗಿದ, ಟಯರಿನ ಹತ್ತಿರ ಬನ್ನಿ ಎಂದು.

ಒಣಗಲು ಹಾಕಿದ್ದಲ್ಲ ಅದು. ಆ ಕೆರೆಯ ಒಂದೇ ಮೆಟ್ಟಿಲು.

ಇವರಿಗೆ ಅರ್ಥವಾಯಿತು. ಆದರೆ ತಂಗಿಗೆ ಎರಡು ಹಾಳೆ ಕೂಡಿಸಿದ ಕಡೆ ಒಂದು ಸಣ್ಣ ಮಡಿಕೆ ಸಿಕ್ಕಿತ್ತು. ಹತ್ತೂ ಬೆರಳು ಅದರಲ್ಲಿ ತುರುಕಿ ಅಂಟಿಕೊಂಡಿದ್ದಳು.

"ಅದನ್ನು ಬಿಡು ಮಾರಾಯ್ತಿ, ನಿನ್ನನ್ನು ನಾನು ಹಿಡ್ಕೊಂಡಿದ್ದೇನೆ," ಎಂದರು. ಬಿಡಲಿಲ್ಲ. ಇವರು ತಲೆಯೆತ್ತಿ, "ನೀನು ಹೇಳು! ನಿನ್ನ ಮಾತು ಕೇಳ್ತಾಳೆ!" ಎಂದು ನನಗೆ ಕೂಗಿದರು.

ಬಾಯಿ ತೆರೆದೆ. 'ಬಿಡು' ಎನ್ನಲು ಎಷ್ಟು ಹೊತ್ತು ಬೇಕು? ಸ್ವರ ಹೊರಡಲಿಲ್ಲ. ಕೊನೆಗೆ ಇವರೇ ಅವಳ ಬೆರಳುಗಳನ್ನು ಒಂದೊಂದಾಗಿ ಕಿತ್ತರು. ಅವಳನ್ನು ಅಂಗಾತ ಮಾಡಿ, ಕಾಲರ್ ಹಿಡಿದು, ಅಂಚಿನುದ್ದಕ್ಕೂ ಎಳೆದುಕೊಂಡು ಹೋದರು. ನಾನು ಅಂಚಿನ ಮೇಲೆ ಅವರ ಜೊತೆಗೇ ಓಡಿದೆನಂತೆ. ನನಗೆ ನೆನಪಿಲ್ಲ; ಸಂಜೆ ಅಂಗಾಲಿನಲ್ಲಿ ಖರ್ಜೂರದ ಮುಳ್ಳು ಸಿಕ್ಕಿತು. ಮುದುಕ ಟಯರುಗಳ ಮೇಲೆ ಬೋರಲಾಗಿ ಮಲಗಿ, ಒಂದು ಕಾಲನ್ನು ಮೇಲಿನ ಟಯರಿಗೆ ಸಿಕ್ಕಿಸಿ, ಅವಳ ಮಣಿಕಟ್ಟು ಹಿಡಿದ. ಅವಳು ಬಂದಳು. ಆಮೇಲೆ ಇವರು ಬಂದರು.

ಕೋಲು ಕೆರೆಯ ನಡುವೆ ತೇಲುತ್ತಿತ್ತು. ಬೆಂಡು ಮುಳುಗುತ್ತಿತ್ತು, ಏಳುತ್ತಿತ್ತು. ಮುದುಕ ಆಮೇಲೆ ಅದನ್ನೆಳೆದು ತೆಗೆದಾಗ ಸಿಕ್ಕ ಮೀನು ನನ್ನ ಅಂಗೈಯಷ್ಟೂ ಇರಲಿಲ್ಲ.

ಮಸಾಲೆಯ ಡಬ್ಬಿ ಮನೆಗೆ ಬಂತು, ಫ್ರೀಜರಿಗೆ ಹೋಯಿತು. ಅದನ್ನು ಎಸೆಯಲೂ ಆಗಲಿಲ್ಲ, ಬಳಸಲೂ ಆಗಲಿಲ್ಲ. ಕತೆ ಮಾತ್ರ ಊರೆಲ್ಲ ಸುತ್ತಿತು. "ಬಾವ ಬಿಡ್ಬೇಡ ಅಂದ್ರಂತೆ, ನಾದಿನಿ ಬಿಡ್ಲೇ ಇಲ್ವಂತೆ," ಎಂದು ಊಟಕ್ಕೆ ಕರೆದ ಮನೆಗಳಲ್ಲಿ ನಗುತ್ತಿದ್ದರು. ಇವರು ತಟ್ಟೆ ನೋಡುತ್ತ ನಗುತ್ತಿದ್ದರು. ತಂಗಿಯೂ ನಗುತ್ತಿದ್ದಳು. ನಾನು ನೀರು ತರುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ.

ಕಳೆದ ವಾರ ಅವಳು ಹೊಸ ಕೋಲೊಂದನ್ನು ಹಿಡಿದುಕೊಂಡು ಬಂದಳು. ತಾನೇ ಕೊಂಡದ್ದು. "ಶುಕ್ರವಾರ ಮತ್ತೆ ಹೋಗುವ. ಬಾವನಿಗೆ ಹೇಳಿದ್ದೇನೆ."

ನನ್ನ ಕೈಯಲ್ಲಿದ್ದ ಲಟ್ಟಣಿಗೆ ಕೆಳಗಿಟ್ಟೆ. "ಬಿಡಬೇಡ ಅಂತ ಕೂಗಿದ್ದು ಇವರಲ್ಲ. ನಾನು."

ಅವಳು ಕೋಲಿನ ಪ್ಲಾಸ್ಟಿಕ್ ಹೊದಿಕೆ ಹರಿಯುತ್ತಲೇ ಇದ್ದಳು. "ಗೊತ್ತುಂಟು. ಬಾವನ ಸ್ವರ ಹಾಗೆ ಕಿರಿಚ್ತದಾ?"

"ಮತ್ತೆ ಯಾಕೆ ಎಲ್ಲರೆದುರು..."

"ಬಾವನೇ ಹೇಳಿದ್ದು. 'ನಿನ್ನಕ್ಕ ಈಗ್ಲೇ ಅರ್ಧ ಆಗಿದ್ದಾಳೆ, ನನ್ನ ಹೆಸರಲ್ಲೇ ಇರ್ಲಿ' ಅಂತ." ಹರಿದ ಹೊದಿಕೆಯನ್ನು ಮುದುರಿ ಬದಿಗಿಟ್ಟು, "ನೀನು ಹೇಳದಿದ್ರೂ ನಾನು ಬಿಡ್ತಿರ್ಲಿಲ್ಲ ಅಕ್ಕ. ನಾನು ಹಿಡಿದ ಮೊದಲ್ನೇ ಮೀನು ಅದು."

ನನ್ನನ್ನು ಸಮಾಧಾನ ಮಾಡಲು ಹೇಳಿದಳೋ, ನಿಜವಾಗಿಯೂ ಹಾಗೆಯೋ, ನನಗೆ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ. ಅವಳು ನನ್ನನ್ನು ನೋಡಿದ್ದು ಮಾತ್ರ ಮೊದಲಿನ ಹಾಗೆಯೇ.

ನಿನ್ನೆ ಹೋದೆವು. ದಾರಿಯಲ್ಲಿ ಮೀನಿನ ಮಾರುಕಟ್ಟೆಯ ಎದುರು ಕಾರು ನಿಲ್ಲಿಸಲು ಹೇಳಿ, ಎಲ್ಲರಿಗೂ ಸಾಕಾಗುವಷ್ಟು ಮೀನು ಕೊಂಡು, ಶುಚಿ ಮಾಡಿಸಿ, ಐಸಿನ ಪೆಟ್ಟಿಗೆಯಲ್ಲಿಟ್ಟೆ. ತಂಗಿ ಕೇಳಿದಳು, "ಎಂತ, ನನ್ನ ಮೇಲೆ ಭರವಸೆ ಇಲ್ವಾ?" ಫ್ರೀಜರಿನ ಮಸಾಲೆಯನ್ನೂ ತಂದಿದ್ದೆ.

ಕೆರೆಯ ನಾಲ್ಕೂ ಮೂಲೆಯಲ್ಲಿ ಈಗ ಟಯರುಗಳಿದ್ದವು. ಮುದುಕ ಅವುಗಳನ್ನು ಬೆರಳೆತ್ತಿ ತೋರಿಸಿದ, ಒಂದನ್ನೂ ಬಿಡದೆ. ತಂಗಿ ಶೂ ಹಾಕಿಕೊಂಡು ಅಂಚಿನ ಮೇಲೆಯೇ ನಿಂತಳು. ನಾನು ಮೀನಿಗೆ ಮಸಾಲೆ ಸವರುತ್ತಿದ್ದೆ. ಕೈಯೆಲ್ಲ ಕೆಂಪಾಗಿತ್ತು, ಕಣ್ಣು ಬೆಂಡಿನ ಮೇಲಿತ್ತು. ಅದು ನಡುಗಿತು, ನಿಂತಿತು, ಮತ್ತೆ ನಡುಗಿ ಮುಳುಗಿತು.

ಅವಳು ಕೋಲೆತ್ತಿ ನನ್ನ ಕಡೆ ತಿರುಗಿ ಹಲ್ಲು ಕಿರಿದಳು. "ಹೇಳು ಅಕ್ಕ. ಬಿಡ್ಲಾ, ಬಿಡ್ಬಾರ್ದಾ?"

"ಮೊದಲು ಎರಡು ಹೆಜ್ಜೆ ಹಿಂದೆ ಬಾ," ಎಂದೆ. ಈ ಸಲ ಸ್ವರ ಹೊರಟಿತು, ಸಣ್ಣಗೆ.