ಡಬಲ್ ಬೆಲ್

ಉಣಕಲ್ಲಿನ ನಮ್ಮ ಓಣಿಯ ಕಾಕಾ ಬಸ್ ಕಂಡಕ್ಟರ್ ಆಗಿದ್ದವರು. "ಮುಂದ ಸರೀರಿ, ಮುಂದ ಖಾಲಿ ಐತಿ" ಎಂದು ಜೀವಮಾನವೆಲ್ಲ ಮಂದಿಯನ್ನು ಒಳಗೆ ತಳ್ಳಿದ ಮನುಷ್ಯ. ಪಾರ್ಕಿನ್ಸನ್ ಅಂಟಿಕೊಂಡ ಮೇಲೆ ಅವರೇ ಹೊಸ್ತಿಲ ಮುಂದೆ ಕಾಲು ಹೂತವರಂತೆ ನಿಂತುಬಿಡುತ್ತಿದ್ದರು. ಹಿಂದೆ ನಾವು ಸಾಲುಗಟ್ಟುತ್ತಿದ್ದೆವು.

ತಲೆ ಕೊಯ್ಯದೆ, ಹೊರಗಿನಿಂದಲೇ ಆಯಸ್ಕಾಂತ ಹಿಡಿದು ಮಿದುಳನ್ನು ಎಚ್ಚರಿಸುವ ಯಂತ್ರವೊಂದನ್ನು ಹುಬ್ಬಳ್ಳಿಯ ಡಾಕ್ಟರೊಬ್ಬರು ಆಗಷ್ಟೇ ತರಿಸಿದ್ದರು. ನಾನೇ ಕಾಕಾನನ್ನು ಕರೆದುಕೊಂಡು ಹೋದೆ. ಡಾಕ್ಟರು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಪರೀಕ್ಷೆಗೆಂದು ಗುಂಡಿ ಒತ್ತಿದರು. ಯಂತ್ರ 'ಟಕ್' ಎಂದಿತು. ಕಾಕಾ ಮಿಸುಕಲಿಲ್ಲ. ಮತ್ತೆ ಒತ್ತಿದಾಗ 'ಟಕ್ ಟಕ್' ಎಂದಿತು. ಕಾಕಾ ಎದ್ದವರೇ ಬಾಗಿಲು ದಾಟಿ ಹೊರಗೆ ನಡೆದುಬಿಟ್ಟರು.

"ಇನ್ನೂ ಚಿಕಿತ್ಸೆ ಶುರುನ ಮಾಡಿಲ್ರೀ!" ಎಂದು ಡಾಕ್ಟರು ಬೆನ್ನಟ್ಟಿದರು.

"ಒಂದ್ ಬೆಲ್ಲಿಗೆ ನಿಂದರಬೇಕು, ಎರಡಕ್ಕ ಹೊಂಡಬೇಕು. ನೀವ ಡಬಲ್ ಬೆಲ್ ಕೊಟ್ರಲ್ರಿ!"

ಸಂಜೆ ತಮ್ಮ ಮನೆಯ ಹೊಸ್ತಿಲಲ್ಲಿ ಕಾಕಾ ಮತ್ತೆ ನಿಂತರು. ನಾನು ಆಸ್ಪತ್ರೆಯ ಸುದ್ದಿ ಹೇಳಿದ್ದೇ ತಡ, ಕಾಕಾನ ಹೆಂಡತಿ ಕಾಕು ಒಳಗಿನಿಂದ ತಾಟಿಗೆ ಚಮಚದಿಂದ ಎರಡು ಸಲ ಬಡಿದರು. ಕಾಕಾ ದಾಟಿದರು. ದಾಟಿದವರು, ಹೊರಗೇ ಬೆರಗಾಗಿ ನಿಂತಿದ್ದ ನನ್ನತ್ತ ತಿರುಗಿ ಗದರಿದರು: "ಯಾಕ ನಿಂತಿ? ಮುಂದ ಸರಿ, ಮುಂದ ಖಾಲಿ ಐತಿ."