ಕಾಡು ನೋಡುವವರು ಬಂದ ವರ್ಷ

ಆ ಕಾಲದಲ್ಲಿ ಹಂಗಳದ ಮಕ್ಕಳಾದ ನಾವು ಕಾಡನ್ನು ನೋಡಲೆಂದು ಹೋಗುತ್ತಿರಲಿಲ್ಲ. ಕಾರೆಹಣ್ಣಿಗೆ ಹೋಗುತ್ತಿದ್ದೆವು, ನೆಲ್ಲಿಕಾಯಿಗೆ ಹೋಗುತ್ತಿದ್ದೆವು, ದನದ ಹಿಂದೆ ಹೋಗುತ್ತಿದ್ದೆವು. ಐವತ್ತರ ದಶಕದ ಮಾತು ಇದು. ನನಗಾಗ ಒಂಬತ್ತು ವರ್ಷ. ಕೈಯಲ್ಲೆಲ್ಲ ಅವರೆಕಾಯಿ ಸೊಗಡು ಅಂಟಿರುತ್ತಿದ್ದ ಮಾಗಿಯ ಒಂದು ಬೆಳಿಗ್ಗೆ, ನಾವು ಕುಂಟೆಬಿಲ್ಲೆ ಆಡುತ್ತಿದ್ದ ಬೀದಿಯಲ್ಲಿ ತಮಟೆ ಬಡಿದು ಸಾರಿದರು: ಇನ್ನು ಕಾಡಿಗೆ ದನ ಬಿಡುವಂತಿಲ್ಲ. ಬಿಟ್ಟರೆ ದನವನ್ನು ಸರ್ಕಾರಿ ದೊಡ್ಡಿಗೆ ಹಾಕುತ್ತಾರೆ, ದನದವರನ್ನು ಠಾಣೆಗೆ ಕರೆದೊಯ್ಯುತ್ತಾರೆ.

ಅಪ್ಪನಿಗೆ ಮಾತ್ರ ಹಿಗ್ಗು. "ದೂರದೂರಿಂದ ಜನ ಆನೆ ನೋಡಕ್ಕೆ ಬತ್ತಾರಂತೆ. ಸರ್ಕಾರ ಬಂಗ್ಲೆ ಕಟ್ತದೆ, ರಸ್ತೆಗೆ ಟಾರ್ ಹಾಕ್ತದೆ. ನಮ್ಮೂರು ಉದ್ದಾರ ಆಯ್ತದೆ ಕಣಮ್ಮಿ" ಎಂದ.

"ಉದ್ದಾರ ಆಗಗಂಟ ಕೆಂದಿ ಏನ್ ತಿಂದದು? ಟಾರಾ?" ಎಂದಳು ಅವ್ವ. ಕೆಂದಿ ನಮ್ಮ ಕೆಂಚು ಹಸು.

ಅಪ್ಪ ರಸ್ತೆ ಕೆಲಸಕ್ಕೆ ಸೇರಿಕೊಂಡ. ಕೆಂದಿಗೆ ಕಾನೂನು ಯಾರು ಹೇಳಬೇಕು? ಒಂದು ಮಧ್ಯಾಹ್ನ ಹಗ್ಗ ಕಿತ್ತುಕೊಂಡು ಹಳೆಯ ದಾರಿ ಹಿಡಿದೇಬಿಟ್ಟಿತು. ಇತ್ತ ಕರು ಒಂದೇ ಸಮನೆ ಅರಚುತ್ತಿತ್ತು. ಅವ್ವ ಹೊರಟಳು. ಮನೆಯಲ್ಲಿ ಒಬ್ಬಳೇ ಇರಲು ಹೆದರಿ ನಾನೂ ಸೆರಗು ಹಿಡಿದುಕೊಂಡೆ.

ಮೊದಲೆಲ್ಲ ಅವ್ವ ಕಾಡಿನಲ್ಲಿ ಗಟ್ಟಿಯಾಗಿ ಕೂಗಿಕೊಂಡೇ ನಡೆಯುತ್ತಿದ್ದಳು. ಮನುಷ್ಯರ ಸದ್ದು ಕೇಳಿದರೆ ಆನೆ ತಾನಾಗಿಯೇ ದೂರ ಸರಿಯುತ್ತದೆ ಎನ್ನುತ್ತಿದ್ದಳು. ಅಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: "ಕೆಮ್ಮಬ್ಯಾಡ. ಗಾರ್ಡಿಗೆ ಕೇಳ್ಸಿದ್ರೆ ಕೆಂದೀನ ದೊಡ್ಡಿಗೆ ಹಾಕ್ಬುಡ್ತಾನೆ." ನಾವು ಕಳ್ಳರ ಹಾಗೆ ನಡೆದೆವು. ತರಗೆಲೆ ಸದ್ದು ಮಾಡಿದರೂ ನನ್ನ ಎದೆ ಹಾರುತ್ತಿತ್ತು.

ಲಂಟಾನದ ಪೊದೆ ದಾಟುವಾಗ ಹಸಿ ಲದ್ದಿಯ ವಾಸನೆ ಬಂತು. ಅವ್ವ ನನ್ನನ್ನು ಕೆಳಕ್ಕೆ ಎಳೆದು ಕೂರಿಸಿದಳು. ಕಲ್ಲೆಸೆತದಷ್ಟು ದೂರದಲ್ಲಿ ಒಂದು ಆನೆ, ಅದರ ಕಾಲ ಸಂದಿಯಲ್ಲಿ ಮರಿ. ಆಚೆ, ಹೊಸದಾಗಿ ಕಡಿದ ದಾರಿಯಲ್ಲಿ ಒಂದು ಜೀಪು ಬಂದು ನಿಂತಿತು. ಒಳಗಿದ್ದವರು ಎದ್ದು ನಿಂತು ಚಪ್ಪಾಳೆ ಹೊಡೆದರು. ಆನೆ ಮುಖ ತಿರುಗಿಸಲೆಂದೇನೋ, ಡ್ರೈವರ್ ಹಾರನ್ ಒತ್ತಿದ. ಆನೆ ಕಿವಿ ಅಗಲಿಸಿ, ಮರಿಯನ್ನು ಹಿಂದಕ್ಕೆ ತಳ್ಳುತ್ತ ನಮ್ಮ ಪೊದೆಯ ಕಡೆಗೇ ಸರಿಯತೊಡಗಿತು.

ಅವ್ವನ ಅಂಗೈ ನನ್ನ ಬಾಯಿ ಮುಚ್ಚಿತ್ತು. ನನ್ನ ಲಂಗ ಒದ್ದೆಯಾದದ್ದು ನನಗೆ ಗೊತ್ತೇ ಆಗಲಿಲ್ಲ. ಆನೆಯ ಬೆನ್ನು ಬಿಸಿಲನ್ನು ಮರೆಮಾಡುವಷ್ಟು ಹತ್ತಿರವಾದಾಗ ಅವ್ವ ಎದ್ದು ನಿಂತು ಕಿರುಚಿದಳು: "ಅಯ್ಯೋ, ಇಲ್ಲಿ ಮನುಸ್ರಿದ್ದೀವಿ ಕಣ್ರಪ್ಪೋ!"

ಜೀಪಿನಲ್ಲಿದ್ದ ಗಾರ್ಡು ಡ್ರೈವರನ ಕೈ ಹಿಡಿದು ಎಂಜಿನ್ ನಿಲ್ಲಿಸಿದ. ಎಲ್ಲ ನಿಶ್ಶಬ್ದವಾಯಿತು. ಆನೆ ಸೊಂಡಿಲೆತ್ತಿ ಅತ್ತ ಇತ್ತ ಮೂಸಿತು. ಆಮೇಲೆ ಮರಿಯನ್ನು ಪಕ್ಕಕ್ಕೆ ಹಾಕಿಕೊಂಡು ಬಿದಿರಿನೊಳಗೆ ನುಗ್ಗಿತು.

ಗಾರ್ಡು ಓಡಿ ಬಂದ. ಅವನ ಮುಖವೂ ಬಿಳಿಚಿತ್ತು. "ಜೀವ ಬ್ಯಾಡ್ವಾ ನಿಂಗೆ? ಮೊದ್ಲೇ ಕೂಗ್ಕಂಡು ಬರಬಾರ್ದಾಗಿತ್ತಾ?"

"ಕೂಗುದ್ರೆ ನೀನ್ ಹಿಡ್ಕತೀಯಲ್ಲಪ್ಪಾ" ಎಂದಳು ಅವ್ವ.

ಅವನು ದಾರಿ ಬಿಟ್ಟು ಪಕ್ಕಕ್ಕೆ ಸರಿದ. "ಓಗವ್ವ, ಮಗೀನ ಕರ್ಕಂಡು ಓಗು" ಎಂದ. ಜೀಪಿನಲ್ಲಿದ್ದ ಹೆಂಗಸೊಬ್ಬಳು ನನಗೆ ಬಿಸ್ಕತ್ತು ಕೊಟ್ಟಳು. ಹಲ್ಲು ಕಟಕಟಿಸುತ್ತಿದ್ದುದರಿಂದ ಕಚ್ಚಲಾಗಲಿಲ್ಲ. ಅವಳ ಗಂಡ ನಮ್ಮಿಬ್ಬರ ಫೋಟೊ ತೆಗೆದುಕೊಂಡ.

ನಾವು ಮನೆ ಮುಟ್ಟುವಷ್ಟರಲ್ಲಿ ಕೆಂದಿ ಬಂದು ಕರುವಿಗೆ ಹಾಲುಣಿಸುತ್ತಿತ್ತು. ಅವ್ವ ಹೊಸಿಲ ಮೇಲೆ ಕುಸಿದು ಕುಳಿತು ಜೋರಾಗಿ ಅತ್ತಳು. ಆ ವಾರದಲ್ಲೇ ಅಪ್ಪ ಹಸುಕರುವನ್ನು ತೆರಕಣಾಂಬಿಯ ನನ್ನ ಸೋದರಮಾವನ ಮನೆಗೆ ಹೊಡೆದುಕೊಂಡು ಹೋದ. ಅವ್ವ ಮತ್ತೆಂದೂ ಕಾಡಿಗೆ ಕಾಲಿಡಲಿಲ್ಲ.

ಅಪ್ಪ ಹೇಳಿದ್ದು ಸುಳ್ಳಾಗಲಿಲ್ಲ. ರಸ್ತೆಗೆ ಟಾರ್ ಬಿತ್ತು, ಬಸ್ಸು ಬಂತು. ಆ ಬಸ್ಸಿನಲ್ಲೇ ಗುಂಡ್ಲುಪೇಟೆಗೆ ಹೋಗಿ ನಾನು ಹೈಸ್ಕೂಲು ಓದಿದೆ. ಆನೆಗಳೂ ಉಳಿದವು. ಅದನ್ನು ನಷ್ಟವೆನ್ನಲು ನನಗೆ ಬಾಯಿಲ್ಲ.

ಹೋದ ವರ್ಷ ಮೊಮ್ಮಗಳ ಜೊತೆ ಟಿಕೆಟ್ ಕೊಂಡು, ವ್ಯಾನಿನಲ್ಲಿ ಕುಳಿತು ಅದೇ ಕಾಡಿಗೆ ಹೋಗಿದ್ದೆ. ಒಂದು ನೀರಿನ ಕಟ್ಟೆಯ ಬಳಿ ವ್ಯಾನು ನಿಂತಿತು. "ಇದರ ಹೆಸರೇನಜ್ಜಿ?" ಎಂದು ಅವಳು ಕೇಳಿದಳು. ಅಲ್ಲಿನ ಒಂದೊಂದು ಕಟ್ಟೆ, ಹಳ್ಳ, ಬಂಡೆಗೂ ಹೆಸರಿತ್ತು. ಅವೆಲ್ಲ ಅವ್ವನಿಗೆ ಗೊತ್ತಿದ್ದವು. ನನಗೆ ಹೇಳಿಕೊಡಲು ಅವಳು ಆಮೇಲೆ ಅಲ್ಲಿಗೆ ಬಂದಿರಲೇ ಇಲ್ಲ.

"ಗೊತ್ತಿಲ್ಲ ಕಣಮ್ಮಿ" ಎಂದೆ.