ಡಬರಿಯ ತಳದಲ್ಲಿ ನಿಂತ ತವರದ ಗುಂಡು

ನಮ್ಮಪ್ಪ ಪಾತ್ರೆಗಳಿಗೆ ಕಲಾಯಿ ಹಾಕುವವರು. ಚನ್ನಗಿರಿ, ಹೊನ್ನಾಳಿ, ಎಲ್ಲಿ ಒಲೆ ಊದುವ ತಿದಿ ಹೊತ್ತು ಬಸ್ಸಿಳಿದರೂ ಮನೆಮನೆಯಿಂದ ತಾಮ್ರ ಹೊರಗೆ ಬರುತ್ತಿತ್ತು. ಕಾದ ಪಾತ್ರೆಗೆ ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ತಾಗಿಸಿ, ಹತ್ತಿಯಿಂದ ಒಂದು ಸುತ್ತು ಒರೆಸಿದರೆ ಒಳಗೆಲ್ಲ ಬೆಳ್ಳಿ ಬಣ್ಣ. ಪುಡಿ ಬೀಳದ ಕಡೆ ಕರಗಿದ ತವರ ಹಿಡಿಯುವುದಿಲ್ಲ, ಗುಂಡಾಗಿ ನಿಂತುಬಿಡುತ್ತದೆ. ಅಂಥದ್ದೊಂದು ಉಳಿದರೆ ಕಲಾಯಿಯವರ ಮರ್ಯಾದೆ ಹೋದಂತೆ. ಅಪ್ಪನ ಕೆಲಸದಲ್ಲಿ ಅದನ್ನು ನಾನು ಕಂಡೇ ಇರಲಿಲ್ಲ.

ನಮ್ಮ ದೇಶದವರೊಬ್ಬರು ಮೊದಲ ಸಲ ಬಾಹ್ಯಾಕಾಶಕ್ಕೆ ಹೋದ ವರ್ಷ ನಾನು ನಮ್ಮೂರು ಜಗಳೂರಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುತ್ತಿದ್ದೆ. ಅದೇ ವರ್ಷ ನನ್ನ ನಿಕಾ ಗೊತ್ತಾಯಿತು, ಅದೇ ವರ್ಷ ಅಪ್ಪನ ಬಲಗೈ ನಡುಗತೊಡಗಿತು. ನಮ್ಮ ಮನೆಯಲ್ಲಿ ಮಗಳ ಜೊತೆ ಗಂಡನ ಮನೆಗೆ ಹೋಗುವ ತಾಮ್ರದ ಅಡುಗೆ ಡಬರಿಗೆ ಹೆತ್ತವನೇ ಕಲಾಯಿ ಹಾಕಬೇಕು. ಬೇರೆಯವರನ್ನು ಕರೆಯೋಣವೆಂದು ಅಮ್ಮ ಒಮ್ಮೆ ಹೇಳಿದ್ದಕ್ಕೆ ಅಪ್ಪ ಎರಡು ದಿನ ಅವಳ ಜೊತೆ ಮಾತು ಬಿಟ್ಟಿದ್ದರು.

ಒಂದು ಮಧ್ಯಾಹ್ನ ಹಿತ್ತಲಲ್ಲಿ ಒಲೆ ಹೂಡಿ, ಡಬರಿ ಮುಂದಿಟ್ಟುಕೊಂಡು ಅಪ್ಪ ಸುಮ್ಮನೆ ಕೂತಿದ್ದರು. ಅವರ ಮನಸ್ಸು ತಿರುಗಿಸಲು ರೇಡಿಯೋದಲ್ಲಿ ಕೇಳಿದ್ದನ್ನು ಹೇಳಿದೆ.

"ಮ್ಯಾಲೆ ಲೋಹ ಕರಗಿಸಿ ನೋಡ್ತಾರಂತಪ್ಪ. ಅಲ್ಲಿ ತೂಕಾನೇ ಗೊತ್ತಾಗಲ್ಲ. ಕರಗಿದ್ದು ಕೆಳಗೆ ಹರಿಯಲ್ಲ, ಏನೂ ಮುಟ್ಟದಂಗೆ ಬಿಟ್ರೆ ಗಾಳೀಲೇ ಗುಂಡಾಗಿ ನಿಲ್ತೈತಂತೆ."

"ಇಕ್ಕಳಾನೂ ಭಾರ ಇರಲ್ಲೇನು?"

"ಇರಲ್ಲ."

"ಕೈ?"

"ಕೈನೂ."

"ಹಂಗಾರೆ ಅಲ್ಲಿ ನಡುಗಾಕೆ ಏನೈತೆ ಬಿಡು!"

ನಡುಕಕ್ಕೂ ತೂಕಕ್ಕೂ ಸಂಬಂಧವಿಲ್ಲಪ್ಪ ಎನ್ನಬೇಕಿದ್ದ ಟೀಚರಮ್ಮ ನಾನು. ಬದಲಿಗೆ ತಲೆಯೆತ್ತಿ ಮೇಲೆ ನೋಡಿದೆ. ಜಗಳೂರಿನ ಆ ಬೆಳ್ಳನೆಯ ಆಕಾಶದಲ್ಲಿ ಅಪ್ಪ ಚಕ್ಕಳಮಕ್ಕಳ ಹಾಕಿ ತೇಲುತ್ತಿದ್ದರು. ಸುತ್ತ ನಿಂಬೆಹಣ್ಣಿನಷ್ಟು ತವರದ ಗುಂಡುಗಳು, ಒಂದೊಂದರಲ್ಲೂ ಅಪ್ಪನ ಪುಟ್ಟ ಮುಖ. ಅವರು ಮೆಲ್ಲನೆ ಊದಿದರೆ ಗುಂಡುಗಳು ನಡುಗಿ ಮತ್ತೆ ದುಂಡಗಾಗುತ್ತಿದ್ದವು, ಅಪ್ಪನ ಕೈ ಮಾತ್ರ ನಡುಗುತ್ತಿರಲಿಲ್ಲ. ಎಷ್ಟು ಹೊತ್ತು ಹಾಗೆ ನೋಡುತ್ತಿದ್ದೆನೋ.

ಹೊಗೆ ಎದ್ದಾಗ ಎಚ್ಚರಾಯಿತು. ನವಸಾಗರ ಒಂದೇ ಮಗ್ಗುಲಿಗೆ ಬಿದ್ದಿತ್ತು. ಅಪ್ಪ ಹತ್ತಿ ತಿರುವಿದರು. ಡಬರಿಯೆಲ್ಲ ಬೆಳಗಿತು, ತಳದಲ್ಲಿ ಜೋಳದ ಕಾಳಿನಷ್ಟು ಗುಂಡೊಂದು ಉರುಳಿ ನಿಂತಿತು.

ಹೊಗೆಗೆ ಕಣ್ಣು ಮುಚ್ಚಿಕೊಂಡೇ ಕೇಳಿದರು, "ಹಿಡೀತೇನವ್ವ?"

"ಹಿಡೀತಪ್ಪ. ಎಷ್ಟು ಚಂದ ಹಿಡಿದೈತೆ!"

ಆರಿದ ಮೇಲೆ ಅಪ್ಪ ಒಳಗೆ ಬೆರಳಾಡಿಸಿದರು. ಬೆರಳು ತಳದಲ್ಲಿ ನಿಂತಿತು. ನನಗೆ ಅಳು ತಡೆಯಲಾಗಲಿಲ್ಲ.

"ಎಲಾ ಸುಳ್ಳಿ!" ಎಂದು ನಕ್ಕರು. ಆಮೇಲೆ ಮುಖ ತಿರುಗಿಸಿ, "ಬ್ಯಾರೆಯೋರ ಹತ್ರ ಸರಿ ಮಾಡಿಸ್ಕಂಡು ಹೋಗವ್ವ" ಎಂದರು. ಇಕ್ಕಳವನ್ನು ತೊಳೆದು ಗೋಡೆಗೆ ನೇತುಹಾಕಿದರು. ಮತ್ತೆ ಇಳಿಸಲಿಲ್ಲ.

ನಾನು ಸರಿ ಮಾಡಿಸಲಿಲ್ಲ. ಗಂಡನ ಊರು ನ್ಯಾಮತಿಯಲ್ಲಿ, ಮದುವೆ ಸಾಮಾನು ನೋಡಲು ಬಂದ ಹೆಂಗಸರ ಎದುರಿಗೇ ಅತ್ತೆ ಡಬರಿಯೊಳಗೆ ಕೈ ಹಾಕಿದರು.

"ಯಾವನವ್ವಾ ಇದಕ್ಕೆ ಕಲಾಯಿ ಹಾಕಿದೋನು?"

"ನಮ್ಮಪ್ಪ," ಎಂದೆ, ಎಲ್ಲರಿಗೂ ಕೇಳುವಂತೆ.